ಹೊಲದಲ್ಲಿ ಕುರಿ ನಿಲ್ಲಿಸಿದ್ದು: ಕೊಟ್ಟ ದುಡ್ಡಿಗೆ ಬಂದದ್ದೇನು?

ನವಲಗುಂದ ತಾಲ್ಲೂಕಿನ ನಮ್ಮ ಎರೆ ಹೊಲದಲ್ಲಿ ಕಡಲೆ ಕಿತ್ತ ಮೇಲೆ, ಈ ಬೇಸಿಗೆಯಲ್ಲಿ ಬೆಳಗಾವಿ ಕಡೆಯ ಸಂಚಾರಿ ಕುರಿಗಾಹಿಗಳ ಹಿಂಡನ್ನು ದುಡ್ಡು ಕೊಟ್ಟು, ಗೊಬ್ಬರಕ್ಕಾಗಿ ರಾತ್ರಿ ಹೊತ್ತು ನಿಲ್ಲಿಸಿಕೊಂಡೆವು. ಕೊಟ್ಟಿಗೆ ಗೊಬ್ಬರ ಕೊಳ್ಳಬೇಕೋ, ಲಾರಿಯಲ್ಲಿ ಕೋಳಿ ಗೊಬ್ಬರ ತರಿಸಬೇಕೋ, ಕುರಿ ನಿಲ್ಲಿಸಬೇಕೋ ಎಂದು ಯಾರಾದರೂ ಕೇಳಿದರೆ, ಹೊಲ ಖಾಲಿ ಇದ್ದು ಹಿಂಡು ಸಿಗುವುದಾದರೆ ಕುರಿಯೇ ಮೇಲು ಎನ್ನುತ್ತೇನೆ.

ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ 0.5ರ ಆಸುಪಾಸು; ಕುರಿ ಗೊಬ್ಬರದಲ್ಲಿ ಸುಮಾರು ಶೇ 3. ಅದಕ್ಕಿಂತ ದೊಡ್ಡ ಲಾಭ ಮೂತ್ರದ್ದು. ದನದ ಗಂಜಲ ಬಹುಪಾಲು ಕೊಟ್ಟಿಗೆಯಲ್ಲೇ ಇಂಗಿ ಹೋಗುತ್ತದೆ. ಕುರಿಯ ಹಿಕ್ಕೆ, ಮೂತ್ರ ಎರಡೂ ಬೇಕಾದ ಜಾಗಕ್ಕೇ ಬೀಳುತ್ತವೆ. ಹೇರುವ, ಇಳಿಸುವ, ಹರಡುವ ಕೂಲಿಯೂ ಉಳಿಯಿತು. ಕೋಳಿ ಗೊಬ್ಬರ ಸತ್ವದಲ್ಲಿ ಕಡಿಮೆಯೇನಲ್ಲ. ಆದರೆ ಹಸಿಯಾಗಿ ಹಾಕಿದರೆ ಬೇರು ಸುಡುತ್ತದೆ, ನೊಣ ಮುತ್ತುತ್ತವೆ. ಅದನ್ನು ಕೊಳೆಯಿಸಿ ಹದ ಮಾಡಲು ಜಾಗ, ನೀರು, ಆಳು ಎಲ್ಲವೂ ಬೇಕು.

ಕುರಿಗಾಹಿಗಳ ಕೆಲಸಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಹಿರಿಯರು ಮೊದಲು ಹೊಲವನ್ನೆಲ್ಲ ಸುತ್ತಿ ನೋಡಿ, ಎತ್ತರದ ಬದುವಿನಿಂದ, ರಾತ್ರಿ ಕುರಿಗಳನ್ನು ಕೂಡಿಹಾಕುವ ಬಲೆ ಕಟ್ಟಲು ಶುರು ಮಾಡಿದರು. ಪ್ರತಿ ಸಂಜೆ ಬಲೆಯನ್ನು ಪಕ್ಕದ ಪಟ್ಟಿಗೆ ಸರಿಸಿದರು, ನಡುವೆ ಒಂದು ಮಾರು ಜಾಗವನ್ನೂ ಬಿಡಲಿಲ್ಲ. ಬೆಳಗ್ಗೆ ಕುರಿಗಳನ್ನು ಎಬ್ಬಿಸಿದ ಕೂಡಲೇ ಹೊರಗೆ ಬಿಡದೆ, ಬಲೆಯೊಳಗೇ ಸ್ವಲ್ಪ ಹೊತ್ತು ನಿಲ್ಲಿಸುತ್ತಿದ್ದರು. ಮಲಗಿದ್ದ ಕುರಿ ಎದ್ದೊಡನೆ ಮೂತ್ರ ಮಾಡಿ ಹಿಕ್ಕೆ ಹಾಕುತ್ತದೆ. ಅದು ದಾರಿಯ ಪಾಲಾಗಬಾರದು ಎಂಬ ಕಾಳಜಿ ಅವರದು. “ಬಿಸಿಲು ಏರುವುದರೊಳಗೆ ಕುಂಟೆ ಹೊಡೆಯಿರಿ ಗೌಡರೇ” ಎಂದು ದಿನವೂ ನೆನಪಿಸುತ್ತಿದ್ದರು. ಹಾಗೆ ಮಣ್ಣಿಗೆ ಬೆರೆಸದಿದ್ದರೆ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ಆದ್ದರಿಂದ ಹಿಂಡನ್ನು ಗೊತ್ತು ಮಾಡುವ ಮೊದಲೇ ಎತ್ತು, ಕುಂಟೆ ಹೊಂದಿಸಿಕೊಳ್ಳಿ.

ನನಗೆ ಸಿಟ್ಟು ಬಂದದ್ದು ನಡುವಿನ ದಲ್ಲಾಳಿಯ ಮೇಲೆ. ಹುಟ್ಟಿ ವಾರವೂ ಆಗದ ಮರಿಗಳನ್ನೂ ತಲೆಲೆಕ್ಕಕ್ಕೆ ಸೇರಿಸಿ ರಾತ್ರಿಯ ದರ ಏರಿಸಿದ್ದ. ಹೊಟ್ಟೆಗೆ ಜೋಳ ಕೇಳಿಕೊಂಡು ಊರೂರು ಅಲೆಯುವವರ ಹೆಸರಿನಲ್ಲಿ ಅವನು ಗಂಟು ಮಾಡಿಕೊಳ್ಳುವುದು ಅನ್ಯಾಯ. ಕುರಿಗಾಹಿಗಳೊಂದಿಗೇ ಕುಳಿತು ಬೆಳೆದ ಕುರಿಗಳನ್ನಷ್ಟೇ ಎಣಿಸಿ. ದುಡ್ಡೆಷ್ಟು, ಜೋಳವೆಷ್ಟು ಎಂಬುದನ್ನು ಅಲ್ಲಿಯೇ ಮಾತಾಡಿ ಮುಗಿಸಿ.

ಸೇವೆಯಲ್ಲಿ ಕುಂದು ಎಂದರೆ ಬಳ್ಳಾರಿ ಜಾಲಿ ಎಂಬ ಮುಳ್ಳುಗಿಡ. ದಾರಿಯಲ್ಲಿ ಅದರ ಕಾಯಿ ತಿಂದು ಬಂದ ಕುರಿಗಳ ಹಿಕ್ಕೆಯಲ್ಲಿ ಬೀಜ ಹಾಗೇ ಉಳಿದಿರುತ್ತದೆ. ಮೊದಲ ಮಳೆಗೆ ಹೊಲದ ತುಂಬ ಎರಡೆಲೆಯ ಸಸಿಗಳು ಎದ್ದವು. ಎಳೆಯದಿದ್ದಾಗಲೇ ಎಡೆಕುಂಟೆಗೆ ಸಿಕ್ಕಿದರೆ ಸರಿ, ಬೇರು ಇಳಿದರೆ ಕೀಳುವುದು ಕಷ್ಟ.

ಈಗ ಗೋವಿನಜೋಳ ಮೊಣಕಾಲುದ್ದ ಇದೆ. ಕುರಿ ನಿಲ್ಲದ ತುದಿಯ ಪಟ್ಟಿ ಬದುವಿನಿಂದಲೇ ಗುರುತು ಸಿಗುತ್ತದೆ. ಅಲ್ಲಿ ಎಲೆ ತಿಳಿಹಸಿರು, ಉಳಿದೆಡೆ ಕಡುಹಸಿರು. ಮುಂದಿನ ಬೇಸಿಗೆಗೆ ಆ ಪಟ್ಟಿಯಿಂದಲೇ ಶುರು ಮಾಡಲು ಇದೇ ಹಿಂಡಿನವರಿಗೆ ಹೇಳಿದ್ದೇನೆ.