ಹಳೆಯ ಮೋಟರ್‌ಹೋಮ್‌ಗೆ ಹಾಕಿಸಿದ ರೀಬಿಲ್ಟ್ ಆಲ್ಟರ್ನೇಟರ್: ಕೆಲವು ವರ್ಷಗಳ ಬಳಕೆಯ ನಂತರ

ನಮ್ಮ ಹಳೆಯ ಡೀಸೆಲ್ ಮೋಟರ್‌ಹೋಮ್‌ಗೆ ಬೇರಿಂಗ್, ಕಾರ್ಬನ್ ಬ್ರಷ್, ಡಯೋಡ್ ಪ್ಲೇಟ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಟ್ಟು ಎ.ಸಿ.ಯನ್ನು ಬ್ಯಾಟರಿಗೆ ಬೇಕಾದ ಡಿ.ಸಿ. ಮಾಡುವ ಭಾಗ), ರೆಗ್ಯುಲೇಟರ್ (ವೋಲ್ಟೇಜನ್ನು ಹತೋಟಿಯಲ್ಲಿಡುವ ಭಾಗ) ಎಲ್ಲವನ್ನೂ ಬದಲಿಸಿದ ರೀಬಿಲ್ಟ್ ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ, ಹಾಕಿಸಿ ಕೆಲವು ವರ್ಷಗಳಾಗಿವೆ. ಅದು ಇಂದಿಗೂ ತೊಂದರೆ ಕೊಟ್ಟಿಲ್ಲ. ಆದರೆ ಈ ಬಾಳಿಕೆಯ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಸಲ್ಲಬೇಕಾದದ್ದು ಅದರ ಸುತ್ತಲಿನ ವಯರಿಂಗ್ ಸರಿಪಡಿಸಿದ ಕೆಲಸಕ್ಕೆ ಎಂಬುದು ನನ್ನ ಅಭಿಪ್ರಾಯ.

ಹಳೆಯ ಆಲ್ಟರ್ನೇಟರ್ ಒಮ್ಮೆಲೇ ಕೈಕೊಡಲಿಲ್ಲ. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗಲು ತಿಣುಕುತ್ತಿತ್ತು. ಎಂಜಿನ್ ಓಡುತ್ತಿರುವಾಗಲೂ ಡ್ಯಾಶ್‌ಬೋರ್ಡ್‌ನ ಬ್ಯಾಟರಿ ದೀಪ ಪೂರ್ತಿ ಆರದೆ ಮಂಕಾಗಿ ಉರಿಯುತ್ತಿತ್ತು. ಎಂಜಿನ್ ತಣ್ಣಗಿದ್ದ ಮುಂಜಾನೆಯೂ ಆಲ್ಟರ್ನೇಟರಿನ ಮೈ ಮುಟ್ಟಿದರೆ ಅದು ಉಗುರು ಬೆಚ್ಚಗಿತ್ತು: ಕೆಟ್ಟ ಡಯೋಡ್ ಮೂಲಕ ಬ್ಯಾಟರಿಯ ಕರೆಂಟ್ ರಾತ್ರಿಯಿಡೀ ಹಿಮ್ಮುಖವಾಗಿ ಸೋರಿತ್ತು. ಮಲ್ಟಿಮೀಟರನ್ನು ಎ.ಸಿ. ವೋಲ್ಟಿಗೆ ತಿರುಗಿಸಿ ಬ್ಯಾಟರಿಯ ಮೇಲಿಟ್ಟಾಗ, ಎಂಜಿನ್ ಓಡುತ್ತಿದ್ದಂತೆ 0.5 ವೋಲ್ಟಿಗಿಂತ ಹೆಚ್ಚು ತೋರಿಸಿದ್ದರಿಂದ ಡಯೋಡ್ ಕೆಟ್ಟಿದೆ ಎಂಬ ಅನುಮಾನ ಖಚಿತವಾಯಿತು.

ಹೊಸದಾಗಿ ಬಂದದ್ದನ್ನು ಕೂರಿಸಿದ ಮೇಲೂ, ಹೆಡ್‌ಲೈಟ್ ಹಚ್ಚಿ ಅಳೆದರೆ ಆಲ್ಟರ್ನೇಟರಿನ ಬಳಿ 14.3 ವೋಲ್ಟ್ ಇದ್ದರೆ ಬ್ಯಾಟರಿಯ ಬಳಿ 13.5 ಮಾತ್ರ ಸಿಗುತ್ತಿತ್ತು. ಇಷ್ಟಕ್ಕೇ ಆಲ್ಟರ್ನೇಟರನ್ನು ವಾಪಸು ಕಳುಹಿಸುವವರು ಬಹಳ ಮಂದಿ ಇರಬೇಕು. ಪಾಸಿಟಿವ್ ತಂತಿಯ ಎರಡು ತುದಿಗಳ ನಡುವೆ 0.2 ವೋಲ್ಟಷ್ಟೇ ಕಳೆಯುತ್ತಿತ್ತು, ಅದು ಸಹ್ಯ, ಉಳಿದ 0.6 ವೋಲ್ಟನ್ನು ನುಂಗುತ್ತಿದ್ದದ್ದು ಎಂಜಿನ್ನಿಂದ ಚಾಸಿಗೆ (ಗಾಡಿಯ ಚೌಕಟ್ಟಿಗೆ) ಹೋಗುವ ಅರ್ಥಿಂಗ್ ಪಟ್ಟಿ, ಅಂದರೆ ಕರೆಂಟ್ ಮರಳುವ ದಾರಿ. ಹೊರಗಿನಿಂದ ಸರಿಯಾಗಿಯೇ ಕಂಡ ಆ ಪಟ್ಟಿಯ ಬೋಲ್ಟ್ ಬಿಚ್ಚಿದಾಗ ಲಗ್ಗಿನ (ತುದಿಯ ಲೋಹದ ಬಳೆಯ) ಕೆಳಗೆ ತುಕ್ಕು, ಒಳಗಿನ ತಾಮ್ರದ ಎಳೆಗಳಲ್ಲಿ ಹಸಿರು ಕಿಲುಬು ಇತ್ತು. ಅದನ್ನು ಬದಲಿಸಿ, ಬೋಲ್ಟ್ ಕೂರುವ ಜಾಗವನ್ನು ಲೋಹ ಹೊಳೆಯುವವರೆಗೆ ಉಜ್ಜಿದ ಮೇಲೆ ಬ್ಯಾಟರಿಯಲ್ಲಿ 14 ವೋಲ್ಟ್ ದಾಟಿತು.

ಮೋಟರ್‌ಹೋಮ್‌ನಲ್ಲಿ ಆಲ್ಟರ್ನೇಟರಿನ ಆಯುಸ್ಸು ತಗ್ಗಿಸುವುದು ಬಹುಮಟ್ಟಿಗೆ ಗಾಡಿಯೊಳಗಿನ ವಾಸದ ಭಾಗಕ್ಕೆ ವಿದ್ಯುತ್ ಕೊಡುವ ಬೇರೆ ಬ್ಯಾಟರಿಗಳು. ಅವು ಪೂರ್ತಿ ಬರಿದಾಗಿದ್ದಾಗ ಎಂಜಿನ್ನನ್ನು ಐಡಲಿನಲ್ಲಿ (ಆಕ್ಸಿಲರೇಟರ್ ಒತ್ತದೆ ನಿಧಾನವಾಗಿ) ಓಡಿಸಿ ಚಾರ್ಜ್ ಮಾಡಿದರೆ, ಆಲ್ಟರ್ನೇಟರ್ ತನ್ನಿಂದಾದಷ್ಟೂ ಕರೆಂಟ್ ಕೊಡುತ್ತಿರುತ್ತದೆ, ಆದರೆ ಅದರ ಫ್ಯಾನ್ ನಿಧಾನವಾಗಿ ತಿರುಗುವುದರಿಂದ ಶಾಖ ಹೊರಹೋಗುವುದಿಲ್ಲ. ಆದ್ದರಿಂದ ಆ ಬ್ಯಾಟರಿಗಳನ್ನು ಆಲ್ಟರ್ನೇಟರಿಗೆ ನೇರವಾಗಿ ಜೋಡಿಸುತ್ತಿದ್ದ ಸಾಧಾರಣ ರಿಲೇ (ಸ್ವಿಚ್) ತೆಗೆಸಿ, ಅವುಗಳಿಗೆ ಹೋಗುವ ಕರೆಂಟನ್ನು 30 ಆಂಪಿಯರಿಗೆ ಮಿತಿಗೊಳಿಸುವ ಡಿ.ಸಿ.-ಡಿ.ಸಿ. ಚಾರ್ಜರ್ ಹಾಕಿಸಿದೆವು. ಲಿಥಿಯಂ ಬ್ಯಾಟರಿಗೆ ಬದಲಾಗುವವರು ಇದನ್ನು ಮೊದಲೇ ಹಾಕಿಸಿಕೊಳ್ಳಲಿ, ಏಕೆಂದರೆ ಅವು ಸೀಸದ ಬ್ಯಾಟರಿಗಿಂತ ಹೆಚ್ಚು ಕರೆಂಟನ್ನು ಹೆಚ್ಚು ಹೊತ್ತು ಎಳೆಯುತ್ತವೆ.

ಕೊರತೆ ಇಲ್ಲದಿಲ್ಲ. ಐಡಲಿನಲ್ಲಿ ಹೆಡ್‌ಲೈಟ್, ವೈಪರ್, ಬ್ಲೋವರ್ ಒಟ್ಟಿಗೆ ಓಡಿದರೆ ವೋಲ್ಟೇಜ್ 13.2ರ ಆಸುಪಾಸಿಗೆ ಇಳಿಯುತ್ತದೆ. ಎಂಜಿನ್ ವೇಗ ಸ್ವಲ್ಪ ಏರಿದೊಡನೆ ಸರಿಹೋಗುತ್ತದೆ. ಬೆಲ್ಟನ್ನು ಮಾತ್ರ ಆಗಾಗ ನೋಡಿಕೊಳ್ಳಬೇಕು, ಸಡಿಲವಾದರೆ ಕಿರುಚುತ್ತದೆ, ಅತಿಯಾಗಿ ಬಿಗಿದರೆ ಹೊಸ ಬೇರಿಂಗನ್ನೇ ತಿನ್ನುತ್ತದೆ. ಇನ್ನು ಆಲ್ಟರ್ನೇಟರ್ ಪರೀಕ್ಷಿಸಲು ಎಂಜಿನ್ ಓಡುವಾಗ ಬ್ಯಾಟರಿಯ ತಂತಿ ಕಳಚುವ ಹಳೆಯ ರೂಢಿಯನ್ನು ಯಾವ ಮೆಕ್ಯಾನಿಕ್ ಹೇಳಿದರೂ ಒಪ್ಪಬೇಡಿ. ಆ ಕ್ಷಣ ಏಳುವ ವೋಲ್ಟೇಜ್ ಒಳ್ಳೆಯ ಡಯೋಡ್‌ಗಳನ್ನೂ ಸುಡಬಲ್ಲದು.