ಗೋಡೆಗೆ ಮ್ಯಾಟ್ ಬೇಕೋ, ಹೊಳಪು ಬೇಕೋ?

ಬಣ್ಣ ಆರಿಸಲು ವಾರಗಟ್ಟಲೆ ಚರ್ಚಿಸುವವರೂ ಫಿನಿಶ್ (ಬಣ್ಣ ಒಣಗಿದ ಮೇಲೆ ಎಷ್ಟು ಹೊಳೆಯಬೇಕು ಎಂಬುದು) ಯಾವುದೆಂಬುದನ್ನು ಪೇಂಟರ್‌ಗೆ ಬಿಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮ್ಯಾಟ್, ಅಂದರೆ ಹೊಳಪಿಲ್ಲದ ಫಿನಿಶ್, ಬೆಳಕನ್ನು ಚದುರಿಸುವುದರಿಂದ ಪುಟ್ಟಿಯ ಏರುತಗ್ಗು, ಬಿರುಕು ಮುಚ್ಚಿದ ಗುರುತು ಕಣ್ಣಿಗೆ ಬೀಳುವುದಿಲ್ಲ. ಮಲಗುವ ಕೋಣೆಗೆ, ಸೀಲಿಂಗ್‌ಗೆ ಇದೇ ಸರಿ. ಆದರೆ ಕಲೆಯನ್ನು ಜೋರಾಗಿ ಉಜ್ಜಿದರೆ ಆ ಜಾಗ ಮಾತ್ರ ಬೇರೆಯಾಗಿ ಮಿರುಗುತ್ತದೆ.

ಅಡುಗೆಮನೆಯ ಲೆಕ್ಕವೇ ಬೇರೆ. ಒಲೆಯ ಹಿಂದೆ ಟೈಲ್ಸ್ ಮುಗಿಯುವ ಅಂಚಿನ ಮೇಲೆ ಒಮ್ಮೆ ಬೆರಳಾಡಿಸಿ ನೋಡಿ: ಒಗ್ಗರಣೆಯ ಜಿಡ್ಡಿಗೆ ಧೂಳು ಅಂಟಿ ಕಂದು ಪದರವೇ ಕಟ್ಟಿರುತ್ತದೆ. ಮ್ಯಾಟ್ ಅದನ್ನು ಹೀರಿಕೊಳ್ಳುತ್ತದೆ. ಮೆಲು ಹೊಳಪಿನ ಸ್ಯಾಟಿನ್ ಆದರೆ ಸೋಪುನೀರಿನ ಬಟ್ಟೆಗೆ ಜಿಡ್ಡು ಬಹುಪಾಲು ಬಿಟ್ಟುಬರುತ್ತದೆ. ಅರಿಶಿನದ ಕಲೆಯನ್ನು ಮಾತ್ರ ಯಾವುದರ ಮೇಲೂ ಆರಲು ಬಿಡಬೇಡಿ. ಚಿಕ್ಕ ಮಕ್ಕಳಿರುವ ಮನೆಯ ಹಾಲ್‌ಗೂ ನನ್ನ ಮತ ಸ್ಯಾಟಿನ್‌ಗೇ. ಒಂದೇ ಷರತ್ತು: ಪುಟ್ಟಿ ಕೆಲಸ ಚೊಕ್ಕಟವಾಗಿರಬೇಕು. ಕಿಟಕಿಯಿಂದ ಓರೆ ಬಿಸಿಲು ಬಿದ್ದರೆ ಉಜ್ಜುಕಾಗದದ ಗೆರೆಯೂ ಎದ್ದು ಕಾಣುತ್ತದೆ.

ಡಿಸ್ಟೆಂಪರ್ ಅಗ್ಗ, ಆದರೆ ಒದ್ದೆ ಬಟ್ಟೆಗೆ ಬಣ್ಣವೇ ಬರುತ್ತದೆ. ಬಚ್ಚಲುಮನೆಗೆ ಬೂಷ್ಟು ತಡೆಯುವ ಎಮಲ್ಷನ್ (ನೀರು ಬೆರೆಸಿ ಬಳಿಯುವ ಗೋಡೆ ಬಣ್ಣ) ಕೇಳಿ ತನ್ನಿ. ಪೂರ್ತಿ ಹೊಳೆಯುವ ಎನಾಮಲ್ (ಎಣ್ಣೆ ಬಣ್ಣ) ಬಾಗಿಲು, ಗ್ರಿಲ್‌ಗಳಿಗೆ ಮಾತ್ರ ಸಾಕು. ಬಿಳಿ ಎನಾಮಲ್ ಕತ್ತಲ ಮೂಲೆಗಳಲ್ಲಿ ಬೇಗ ಹಳದಿಯಾಗುತ್ತದೆ.