ಸುಧಾರಿತ ಸಾಂಬಾ ಮಸೂರಿ ಬೀಜ: ನಾಲ್ಕು ಮುಂಗಾರು ಬೆಳೆದು ನೋಡಿದ ಮೇಲೆ

ಗಂಗಾವತಿ ತಾಲ್ಲೂಕಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಂಬಿ ನಾಟಿ ಮಾಡುವ ನಮ್ಮ ಗದ್ದೆಗಳಲ್ಲಿ ಬಿಪಿಟಿ 5204, ಎಂದರೆ ಸಾಂಬಾ ಮಸೂರಿ, ತಂದೆಯವರ ಕಾಲದಿಂದ ಬೆಳೆಯುತ್ತಿರುವ ತಳಿ. ಆಂಧ್ರದ ಬಾಪಟ್ಲದಿಂದ 1986ರಲ್ಲಿ ಬಂದ ಈ ಸಣ್ಣಕ್ಕಿಗೆ ಮಿಲ್ಲಿನವರೂ ಉಣ್ಣುವವರೂ ಒಗ್ಗಿಹೋಗಿರುವುದರಿಂದ ಬೇರೆ ತಳಿ ಹಾಕಿದವರಿಗೆ ದರದಲ್ಲಿ ಹೊಡೆತ ಬೀಳುತ್ತದೆ. ಆದರೆ ದುಂಡಾಣು, ಎಂದರೆ ಬ್ಯಾಕ್ಟೀರಿಯಾದಿಂದ ಬರುವ ಎಲೆ ಅಂಗಮಾರಿ ರೋಗ ಬಂದರೆ ಈ ತಳಿಗೆ ತಡೆದುಕೊಳ್ಳುವ ಶಕ್ತಿಯೇ ಇಲ್ಲ. ಆ ಒಂದು ಕೊರತೆಯನ್ನು ನೀಗಿಸಲೆಂದೇ ಹೈದರಾಬಾದಿನ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ (ಸಿಸಿಎಂಬಿ) ಮತ್ತು ಅಲ್ಲಿಯ ಭತ್ತ ಸಂಶೋಧನಾ ಸಂಸ್ಥೆ ಸೇರಿ ರೂಪಿಸಿ 2008ರಲ್ಲಿ ಬಿಡುಗಡೆಯಾದ ಬೀಜವೇ ಸುಧಾರಿತ ಸಾಂಬಾ ಮಸೂರಿ. ಬೀಜದ ಚೀಲದ ಚೀಟಿಯಲ್ಲಿ ಇದರ ಇನ್ನೊಂದು ಹೆಸರು ಆರ್‌ಪಿ ಬಯೋ 226. ನಾಲ್ಕು ಮುಂಗಾರಿನಲ್ಲಿ ಇದನ್ನು ಹಳೆಯ ಬಿಪಿಟಿಯ ಪಕ್ಕದಲ್ಲೇ, ಒಂದೇ ಬದುವಿನ ಆಚೆ ಈಚೆ ಬೆಳೆದಿದ್ದೇನೆ.

ಮೊದಲ ವರ್ಷ ತೆನೆ ಹೊರಡುವ ಹೊತ್ತಿಗೆ ಮೂರು ದಿನ ಗಾಳಿಮಳೆ ಬಂತು. ಮಳೆ ನಿಂತ ಒಂದು ವಾರಕ್ಕೆ ಹಳೆಯ ಬಿಪಿಟಿ ತಾಕಿನಲ್ಲಿ ಗರಿಗಳ ತುದಿ ಹಳದಿಗಟ್ಟಿ, ಆ ಹಳದಿ ಅಂಚುಗುಂಟ ಅಲೆಅಲೆಯಾಗಿ ಕೆಳಕ್ಕಿಳಿದು, ಬಳಿಕ ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಬೆಂಕಿ ರೋಗವೋ, ಪೊಟ್ಯಾಷ್ ಕೊರತೆಯೋ, ಅಂಗಮಾರಿಯೋ ಎಂಬ ಅನುಮಾನ ಬಂದಾಗ ನಾನು ಮಾಡುವುದು ಗಾಜಿನ ಲೋಟದ ಪರೀಕ್ಷೆ. ರೋಗ ತಗುಲಿದ ಗರಿಯನ್ನು ಹಸಿರು ಮತ್ತು ಹಳದಿ ಸೇರುವ ಜಾಗದಲ್ಲಿ ಕತ್ತರಿಸಿ, ತುಂಡನ್ನು ತಿಳಿನೀರಿನಲ್ಲಿ ನಿಲ್ಲಿಸಿ ಬೆಳಕಿಗೆ ಹಿಡಿದರೆ, ಸ್ವಲ್ಪ ಹೊತ್ತಿನಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆಯೊಂದು ನಿಧಾನವಾಗಿ ನೀರಿಗಿಳಿಯುತ್ತದೆ. ಅದು ಕ್ಸಾಂಥೊಮೊನಾಸ್ ಒರೈಝೆ ಎಂಬ ಬ್ಯಾಕ್ಟೀರಿಯಾದ ಲಕ್ಷಗಟ್ಟಲೆ ಜೀವಕೋಶಗಳ ಹರಿವು. ಅದೇ ದಿನ ಬದುವಿನ ಈಚೆಯ ಸುಧಾರಿತ ತಳಿಯಿಂದ, ಅಂಚು ಕೊಂಚ ಹಳದಿಯಾಗಿದ್ದ ಗರಿಗಳನ್ನೇ ಹುಡುಕಿ ಐದು ತುಂಡು ಮಾಡಿ ನಿಲ್ಲಿಸಿದೆ. ಐದರಲ್ಲೂ ನೀರು ತಿಳಿಯಾಗಿಯೇ ಉಳಿಯಿತು. ಈ ಬೀಜದ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಆ ಲೋಟಗಳ ಮುಂದೆ ಕೂತಾಗ.

ಈ ತಡೆಯ ಶಕ್ತಿ ಎಲ್ಲಿಂದ ಬಂತೆಂದು ತಿಳಿಯಲು ರೋಗಾಣುವಿನ ವಂಶವಾಹಿಗಳ, ಎಂದರೆ ಜೀನುಗಳ ಕೆಲಸ ತಿಳಿಯಬೇಕು. ಗರಿಯಂಚಿನ ನೀರುರಂಧ್ರದಿಂದಲೋ ಗಾಯದಿಂದಲೋ ಒಳಹೊಕ್ಕ ಈ ಬ್ಯಾಕ್ಟೀರಿಯಾ ಸೂಜಿಯಂಥ ಅಂಗದಿಂದ ಭತ್ತದ ಜೀವಕೋಶದೊಳಕ್ಕೆ ಕೆಲವು ಪ್ರೋಟೀನುಗಳನ್ನು ಚುಚ್ಚುತ್ತದೆ. ಟಾಲ್ ಎಂದು ಕರೆಯುವ ಆ ಪ್ರೋಟೀನುಗಳು ನೇರ ನ್ಯೂಕ್ಲಿಯಸ್ಸಿಗೆ ಹೋಗಿ ಭತ್ತದ ಡಿಎನ್‌ಎಯ ಅಕ್ಷರಗಳನ್ನು ಓದುತ್ತವೆ. ಅವುಗಳ ಮೈಯಲ್ಲಿ ಸುಮಾರು 34 ಅಮೈನೊ ಆಮ್ಲಗಳ ಒಂದೇ ಬಗೆಯ ತುಣುಕು ಮತ್ತೆ ಮತ್ತೆ ಬರುತ್ತದೆ. ಒಂದೊಂದು ತುಣುಕಿನಲ್ಲಿ 12 ಮತ್ತು 13ನೆಯ ಸ್ಥಾನದಲ್ಲಿರುವ ಎರಡು ಆಮ್ಲಗಳು ಡಿಎನ್‌ಎಯ ಒಂದೊಂದು ಅಕ್ಷರವನ್ನು ಗುರುತಿಸುತ್ತವೆ. ಈ ಲಿಪಿಯನ್ನು ವಿಜ್ಞಾನಿಗಳು ಬಿಡಿಸಿದ್ದು 2009ರಲ್ಲಿ. ತನಗೆ ಹೊಂದುವ ಜಾಗ ಸಿಕ್ಕಿದೊಡನೆ ಅಲ್ಲಿ ಕೂತ ಟಾಲ್ ಪ್ರೋಟೀನು ಸಸ್ಯದ ಸಕ್ಕರೆಯನ್ನು ಕೋಶದಿಂದ ಹೊರಬಿಡುವ ಸ್ವೀಟ್ ಎಂಬ ಜೀನನ್ನು ಚಾಲೂ ಮಾಡುತ್ತದೆ. ಹೊರಬಂದ ಸಕ್ಕರೆಯನ್ನು ತಿಂದು ಬ್ಯಾಕ್ಟೀರಿಯಾ ಬೆಳೆಯುತ್ತದೆ. ಪೈರು ಬಿಸಿಲಿನ ಬಲದಿಂದ ಕಟ್ಟಿಕೊಂಡ ಸಕ್ಕರೆಯ ಬಾಗಿಲನ್ನು ಅದರದೇ ಕೀಲಿಯಿಂದ ತೆಗೆಸುವ ಈ ಉಪಾಯವನ್ನು ಮೊದಲ ಸಲ ಕೇಳಿದಾಗ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಸುಧಾರಿತ ತಳಿಯಲ್ಲಿರುವ ಮೂರು ಜೀನುಗಳು ಮೂರು ಬೇರೆ ಕಡೆ ಅಡ್ಡ ನಿಲ್ಲುತ್ತವೆ. ಎಕ್ಸ್‌ಎ-13 ಇರುವ ಪೈರಿನಲ್ಲಿ ಸ್ವೀಟ್ ಜೀನಿನ ಮುಂದಿನ ಅಕ್ಷರಗಳು ಬದಲಾಗಿರುವುದರಿಂದ ಟಾಲ್ ಪ್ರೋಟೀನಿಗೆ ಕೂರುವ ಜಾಗವೇ ಸಿಗುವುದಿಲ್ಲ. ಟಾಲ್ ಪ್ರೋಟೀನು ಕೆಲಸ ನಡೆಸಲು ಆತುಕೊಳ್ಳುವ ಸಸ್ಯದ ಇನ್ನೊಂದು ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾದ ರೂಪ ಎಕ್ಸ್‌ಎ-5; ಹಾಗಾಗಿ ಟಾಲ್‌ಗೆ ಅಲ್ಲಿ ಹಿಡಿತ ಸರಿಯಾಗಿ ಸಿಗುವುದಿಲ್ಲ. ಆಫ್ರಿಕಾದ ಕಾಡುಭತ್ತದಿಂದ ಬಂದ ಎಕ್ಸ್‌ಎ-21 ಕೋಶದ ಹೊರಗೋಡೆಯ ಬಳಿ ಕಾವಲು ನಿಂತು, ಬ್ಯಾಕ್ಟೀರಿಯಾ ಹೊರಬಿಡುವ ಒಂದು ಚಿಕ್ಕ ಪ್ರೋಟೀನನ್ನು ಗುರುತು ಹಿಡಿದು ಸಸ್ಯದ ರಕ್ಷಣೆಯನ್ನು ಎಬ್ಬಿಸುತ್ತದೆ. ಮೂರೂ ಏಕೆ ಬೇಕು ಎಂದು ಕೇಳುವವರಿದ್ದಾರೆ. ಬ್ಯಾಕ್ಟೀರಿಯಾದಲ್ಲಿ ಟಾಲ್ ಪ್ರೋಟೀನು ಮಾಡುವ ಜೀನಿನ ತುಣುಕುಗಳು ಒಂದನ್ನೊಂದು ಹೋಲುವುದರಿಂದ ಅವು ತಮ್ಮೊಳಗೇ ಕೂಡಿ ಕಳಚಿ ಹೊಸ ಜೋಡಣೆಯಾಗುವುದು ಸುಲಭ. ಎಕ್ಸ್‌ಎ-5 ಒಂದನ್ನೇ ಮೀರಿದ ಬ್ಯಾಕ್ಟೀರಿಯಾ ಭಾರತದಲ್ಲೇ ಸಿಕ್ಕಿದೆ. ಒಂದು ತಡೆಯನ್ನು ದಾಟಿದ ರೋಗಾಣು ಉಳಿದೆರಡರ ಮುಂದೆ ನಿಲ್ಲಬೇಕೆಂಬ ಲೆಕ್ಕವೇ ಈ ಬೀಜದ ತಿರುಳು.

ಇದು ಕುಲಾಂತರಿ ಬೀಜವೇ ಎಂದು ನಮ್ಮೂರಲ್ಲಿ ಹಲವರು ಕೇಳಿದರು. ಅಲ್ಲ. ಮೂರೂ ಜೀನುಗಳಿದ್ದ ದಾನಿ ತಳಿಯೊಂದಿಗೆ ಸಾಂಬಾ ಮಸೂರಿಯನ್ನು ಅಡ್ಡಹಾಯಿಸಿ, ಬಂದ ಸಸಿಗಳನ್ನು ನಾಲ್ಕು ಬಾರಿ ಮತ್ತೆ ಸಾಂಬಾ ಮಸೂರಿಗೇ ಕೂಡಿಸಿ, ಪ್ರತಿ ತಲೆಮಾರಿನಲ್ಲೂ ಡಿಎನ್‌ಎ ಗುರುತುಗಳನ್ನು ನೋಡಿ ಆರಿಸಿ ಮಾಡಿದ ತಳಿ ಇದು. ಹಾಗಾಗಿ ಕಾಳಿನ ಗಾತ್ರ, ಅನ್ನದ ಮೆದು, ಮಿಲ್ಲಿನ ದರ ಯಾವುದರಲ್ಲೂ ವ್ಯತ್ಯಾಸ ಕಾಣಲಿಲ್ಲ. ಹಳೆಯ ಬಿಪಿಟಿಗಿಂತ ಸುಮಾರು ಒಂದು ವಾರ ಮೊದಲೇ ಕೊಯ್ಲಿಗೆ ಬರುತ್ತದೆ. ರೋಗವಿಲ್ಲದ ವರ್ಷ ಇಳುವರಿ ಎರಡರಲ್ಲೂ ಒಂದೇ ಆಗಿತ್ತು. ಹೆಚ್ಚಿನ ಇಳುವರಿಯ ಆಸೆಯಿಂದ ಇದನ್ನು ಕೊಳ್ಳುವವರಿಗೆ ನಿರಾಸೆಯಾದೀತು. ನನಗೆ ಉಳಿದದ್ದು ಸ್ಟ್ರೆಪ್ಟೊಮೈಸಿನ್ ಪುಡಿ ಮತ್ತು ತಾಮ್ರದ ಔಷಧಿಯ ಖರ್ಚು. ರೋಗ ಹಿಡಿದ ಮೇಲೆ ಹೊಡೆಯುವ ಆ ಔಷಧಿಯಿಂದ ನಮ್ಮ ಗದ್ದೆಯಲ್ಲಿ ಎಂದೂ ದೊಡ್ಡ ಗುಣ ಕಂಡಿರಲಿಲ್ಲ.

ಬೆಂಕಿ ರೋಗಕ್ಕೂ ಕಂದು ಜಿಗಿಹುಳುವಿಗೂ ಈ ತಳಿ ಹಳೆಯ ಬಿಪಿಟಿಯಷ್ಟೇ ಮೆತ್ತಗಿದೆ. ಮೂರನೆಯ ವರ್ಷ, ಇದಕ್ಕೆ ಯಾವ ರೋಗವೂ ಬರುವುದಿಲ್ಲವೆಂದು ಯೂರಿಯಾವನ್ನು ಕೈಬಿಚ್ಚಿ ಸುರಿದು, ತೆನೆಯ ಕುತ್ತಿಗೆಗೆ ಬೀಳುವ ಬೆಂಕಿ ರೋಗಕ್ಕೆ ಕಾಲು ಭಾಗ ತೆನೆ ಕಳೆದುಕೊಂಡೆ. ತಪ್ಪು ನನ್ನದೇ; ಬೀಜದ ಮೇಲೆ ಹೊರಿಸುವುದಿಲ್ಲ. ಎಕ್ಸ್‌ಎ-21ರ ಬಲ ಪೈರು ಬಲಿತ ಮೇಲೆ ಪೂರ್ತಿ ಬರುವುದರಿಂದ, ನಾಟಿಯ ವೇಳೆ ಸಸಿಯ ತುದಿ ಚಿವುಟುವ ಹಳೆಯ ರೂಢಿಯನ್ನೂ ಬಿಟ್ಟಿದ್ದೇನೆ. ಆ ಗಾಯವೇ ರೋಗಾಣುವಿಗೆ ಬಾಗಿಲು.

ನನ್ನ ದೊಡ್ಡ ದೂರು ಬೀಜದ ಶುದ್ಧತೆಯದು. ಎರಡನೆಯ ವರ್ಷ ಪೇಟೆಯ ಅಂಗಡಿಯೊಂದರಲ್ಲಿ ಇದೇ ಹೆಸರು ಬರೆದಿದ್ದ ಚೀಲವನ್ನು ಕೊಂಡು ಒಂದು ಎಕರೆಗೆ ಹಾಕಿದೆ. ಅಕ್ಟೋಬರ್ ಮಳೆಯಾದ ಮೇಲೆ ಆ ಎಕರೆಯಲ್ಲಿ ಅಲ್ಲೊಂದು ಇಲ್ಲೊಂದು ಬುಡ ಒಣಗಿ ನಿಂತಿತು. ಲೋಟಕ್ಕೆ ಹಾಕಿದರೆ ಹಾಲಿನೆಳೆ. ಎರಡು ತಳಿಗಳ ಕಾಳಿನಲ್ಲಿ ವ್ಯತ್ಯಾಸವೇ ಇಲ್ಲದ್ದರಿಂದ ಹಳೆಯ ಬಿಪಿಟಿ ಬೆರೆಸಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಎಕ್ಸ್‌ಎ-5 ಮತ್ತು ಎಕ್ಸ್‌ಎ-13 ತಂದೆ ತಾಯಿ ಎರಡೂ ಕಡೆಯಿಂದ ಬಂದರೆ ಮಾತ್ರ ಕೆಲಸ ಮಾಡುವ ಜೀನುಗಳಾದ್ದರಿಂದ, ಬೆರಕೆ ಬೀಜದ ಹಾನಿ ಒಂದು ವರ್ಷಕ್ಕೆ ಮುಗಿಯುವುದೂ ಇಲ್ಲ. ಅಂದಿನಿಂದ ಪ್ರಮಾಣಿತ ಬೀಜದ ನೀಲಿ ಚೀಟಿ, ಅದರ ಮೇಲೆ ತಳಿಯ ಪೂರ್ಣ ಹೆಸರು ಮತ್ತು ಲಾಟ್ ಸಂಖ್ಯೆ, ಜೊತೆಗೆ ರಸೀದಿ ಇಲ್ಲದೆ ಚೀಲ ಮುಟ್ಟುವುದಿಲ್ಲ; ಹಸಿರು ಚೀಟಿಯದು ಮಾರುವವನ ಸ್ವಂತ ಭರವಸೆ ಮಾತ್ರ.

ಒಮ್ಮೆ ಶುದ್ಧ ಬೀಜ ಸಿಕ್ಕಿತೆಂದರೆ ಪ್ರತಿವರ್ಷ ಕೊಳ್ಳಬೇಕಾಗಿಲ್ಲ. ಇದು ಹೈಬ್ರಿಡ್ ಅಲ್ಲ, ಭತ್ತ ತನ್ನ ಹೂವಿನ ಪರಾಗವನ್ನೇ ಬಳಸುವ ಬೆಳೆ. ಗದ್ದೆಯ ನಡುವಿನ ಹತ್ತು ಗುಂಟೆಯನ್ನು ಬೀಜಕ್ಕೆಂದು ಬಿಟ್ಟು, ತೆನೆಯೊಡೆದಾಗ ಎತ್ತರ ಬೇರೆಯಾದ ಬುಡಗಳನ್ನೂ, ಮಳೆಯ ನಂತರ ಅಂಚು ಹಳದಿಯಾದ ಬುಡಗಳನ್ನೂ ಬೇರುಸಹಿತ ಕಿತ್ತುಹಾಕಿ, ಆ ಹತ್ತು ಗುಂಟೆಯನ್ನು ಮಷೀನಿಗೆ ಕೊಡದೆ ಕೈಯಿಂದಲೇ ಕೊಯ್ದು ಬೇರೆ ಕಣದಲ್ಲಿ ಬಡಿದು ಕಾಳು ಬಿಡಿಸುತ್ತೇನೆ. ಈ ಮುಂಗಾರಿಗೆ ಸಸಿಮಡಿಗೆ ಬಿದ್ದದ್ದು ಆ ಬೀಜ.